ಖಾತೆಯ ಹೊಣೆ, ದಂಡದ ನ್ಯಾಯ

ಬ್ಯಾಂಕಿನ ಪಾಸ್‌ಬುಕ್ ಇಂದು ಪಡಿತರ ಚೀಟಿಯಂತೆಯೇ ಪ್ರತಿಯೊಂದು ಮನೆಯ ಅಗತ್ಯವಾಗಿದೆ. ಬೆಳೆಸಾಲ, ಬೆಳೆವಿಮೆ, ವೃದ್ಧಾಪ್ಯ ವೇತನ, ಮಕ್ಕಳ ವಿದ್ಯಾರ್ಥಿವೇತನ, ಗೃಹಲಕ್ಷ್ಮಿಯ 2,000 ರೂಪಾಯಿ, ಎಲ್ಲವೂ ಖಾತೆಯ ದಾರಿಯಿಂದಲೇ ಮನೆಗೆ ಬರಬೇಕು. ಹಣ ಬರುವ ದಾರಿ ತೆರೆದಾಗ ಅದು ಹೋಗುವ ದಾರಿಯೂ ತೆರೆಯುತ್ತದೆ. ಕೈಸೇರಬೇಕಾದ ಹಣದಲ್ಲಿ ನೂರೋ ಇನ್ನೂರೋ ರೂಪಾಯಿ ಕಡಿತವಾಗಿರುವುದನ್ನು ಕಂಡು, ಏಕೆ ಕಡಿತವಾಯಿತೆಂದು ತಿಳಿಯದೆ ಕೌಂಟರಿನ ಮುಂದೆ ನಿಲ್ಲುವ ತಾಯಂದಿರು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಮಾತ್ರವಲ್ಲ, ನಾಡಿನ ಎಲ್ಲೆಡೆಯೂ ಇದ್ದಾರೆ. 'ಖಾತೆಯಲ್ಲಿ ಹಣವಿಡದಿದ್ದುದು ನಿಮ್ಮ ತಪ್ಪು' ಎಂಬುದು ಒಂದು ಕಡೆಯ ಮಾತು. 'ಇಲ್ಲದವರಿಂದಲೇ ದಂಡ ಕೀಳುವುದು ಅನ್ಯಾಯ' ಎಂಬುದು ಇನ್ನೊಂದು ಕಡೆಯ ಮಾತು. ಈ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಈ ತಿಂಗಳ ನಮ್ಮ ಉದ್ದೇಶ.

ಇದ್ದುದಕ್ಕಿಂತ ಹೆಚ್ಚು

ತನ್ನ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆಯುವುದನ್ನು ಬ್ಯಾಂಕಿನ ಭಾಷೆಯಲ್ಲಿ ಓವರ್‌ಡ್ರಾಫ್ಟ್ ಎನ್ನುತ್ತಾರೆ. ಗಂಜಿನ ವರ್ತಕರಿಗೂ ಅಕ್ಕಿ ಗಿರಣಿಯವರಿಗೂ 'ಓ.ಡಿ.' ಎಂಬ ಎರಡಕ್ಷರ ಚಿರಪರಿಚಿತ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಕೂಡ ಬಹುಮಟ್ಟಿಗೆ ಇದೇ ಜಾತಿಯದು. ಒಂದು ಮಿತಿಯನ್ನು ನಿಗದಿ ಮಾಡಿಕೊಟ್ಟು, ಅದರೊಳಗೆ ಬೇಕಾದಾಗ ತೆಗೆದು, ಕೈಗೆ ಬಂದಾಗ ಕಟ್ಟುವ ವ್ಯವಸ್ಥೆ ಅದು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಗಳಿಗೂ ಓವರ್‌ಡ್ರಾಫ್ಟ್ ಸೌಲಭ್ಯವಿದೆ. ಮೊದಲು 5,000 ರೂಪಾಯಿ ಇದ್ದ ಅದರ ಮಿತಿ 2018ರಲ್ಲಿ 10,000 ರೂಪಾಯಿಗೆ ಏರಿತು.

ಆದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ನಮ್ಮ ಬ್ಯಾಂಕುಗಳು ಇಲ್ಲದ ಹಣವನ್ನು ಕೊಡುವುದಿಲ್ಲ. ಚೆಕ್ಕನ್ನು ಹಿಂದಿರುಗಿಸಿ ಅದಕ್ಕೊಂದು ಶುಲ್ಕ ಹಾಕುತ್ತವೆ. ಸಾಲದ ಕಂತು ತಾನಾಗಿಯೇ ಕಡಿತವಾಗಬೇಕಾದ ದಿನ ಹಣವಿಲ್ಲದಿದ್ದರೆ ಅದಕ್ಕೂ ಶುಲ್ಕವುಂಟು. ಕಂತು ಬರಬೇಕಾಗಿದ್ದ ಸಂಸ್ಥೆಯೂ ತನ್ನ ಪಾಲಿನ ದಂಡವನ್ನು ಬೇರೆ ಹಾಕುತ್ತದೆ. ಕನಿಷ್ಠ ಶಿಲ್ಕು ಇಡದಿದ್ದರೆ ಮತ್ತೊಂದು ದಂಡ, ಬೆಳೆಸಾಲದ ಗಡುವು ಮೀರಿದರೆ ಇನ್ನೊಂದು ದಂಡ. ಇಂತಹ ಸೇವಾ ಶುಲ್ಕಗಳ ಮೇಲೆ ಶೇಕಡ 18ರ ಜಿ.ಎಸ್.ಟಿ. ಬೇರೆ. ಹೆಸರು ನಾಲ್ಕಾದರೂ ಸ್ವಭಾವ ಒಂದೇ: ಖಾತೆಯಲ್ಲಿ ಇರಬೇಕಾದ ದಿನ ಹಣ ಇರಲಿಲ್ಲ ಎಂಬುದಕ್ಕೆ ತೆರುವ ಬೆಲೆ.

ಈ ಬೆಲೆ ನ್ಯಾಯವೇ ಎಂಬ ಪ್ರಶ್ನೆ ಸಿರಿವಂತ ದೇಶಗಳಲ್ಲಿಯೂ ಎದ್ದಿತ್ತು. ಖಾತೆಯ ಹಣ ಮೀರಿ ತೆಗೆದವರ ಮೇಲೆ ಇಂಗ್ಲೆಂಡಿನ ಬ್ಯಾಂಕುಗಳು ಹಾಕುತ್ತಿದ್ದ ಶುಲ್ಕದ ವಿರುದ್ಧ ಅಲ್ಲಿನ ಸರ್ಕಾರಿ ವ್ಯಾಪಾರ ನಿಯಂತ್ರಣ ಕಚೇರಿಯೇ ನ್ಯಾಯಾಲಯಕ್ಕೆ ಹೋಯಿತು. 2009ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ನೀಡಿತು. ಈ ಶುಲ್ಕವು ಬ್ಯಾಂಕ್ ಸೇವೆಯ ಬೆಲೆಯ ಒಂದು ಭಾಗ, ಆದ್ದರಿಂದ ಅದರ ಮೊತ್ತ ಹೆಚ್ಚೋ ಕಡಿಮೆಯೋ ಎಂಬುದನ್ನು ಗ್ರಾಹಕ ಕರಾರಿನ ನಿಯಮದಡಿ ಆ ಕಚೇರಿ ವಿಚಾರಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ಬ್ಯಾಂಕುಗಳು ಗೆದ್ದವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2020ರ ಏಪ್ರಿಲಿನಿಂದ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆಯು ಓವರ್‌ಡ್ರಾಫ್ಟಿನ ಮೇಲಿನ ನಿಗದಿತ ಶುಲ್ಕಗಳನ್ನೆಲ್ಲ ನಿಷೇಧಿಸಿ, ಒಂದೇ ವಾರ್ಷಿಕ ಬಡ್ಡಿದರವನ್ನು ಸ್ಪಷ್ಟವಾಗಿ ತಿಳಿಸಿ ವಸೂಲು ಮಾಡಬೇಕೆಂದು ವಿಧಿಸಿತು. ಕಾನೂನಿಗೆ ಸರಿಯಾದುದೆಲ್ಲ ನ್ಯಾಯಕ್ಕೂ ಸರಿಯಾಗಿರಬೇಕೆಂದಿಲ್ಲ ಎಂಬ ಪಾಠ ಇದರಲ್ಲಿದೆ.

ಒಂದೇ ನಿಯಮ, ಮೂರು ಊರು

ನಮ್ಮ ಮೂರು ಊರುಗಳನ್ನೇ ತೆಗೆದುಕೊಳ್ಳೋಣ. ಒಂದೇ ರಾಯಚೂರು ಜಿಲ್ಲೆಯೊಳಗಿದ್ದರೂ ಇವುಗಳ ಸಂಪಾದನೆಯ ರೀತಿ ಒಂದೇ ಅಲ್ಲ.

ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯಿದೆ. ಗಣಿಯ ಕಾರ್ಮಿಕರಿಗೆ, ಪಟ್ಟಣದ ಶಿಕ್ಷಕರಿಗೆ, ಸರ್ಕಾರಿ ನೌಕರರಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಸಂಬಳದ ದಿನ ಗೊತ್ತು, ಮೊತ್ತ ಗೊತ್ತು. ಹೀಗಿರುವಾಗ ಕಂತಿನ ದಿನ ಖಾತೆ ಬರಿದಾಗಿದ್ದರೆ, ಅನಾರೋಗ್ಯದಂತಹ ಆಪತ್ತನ್ನು ಬಿಟ್ಟರೆ, ಅದನ್ನು ಅಜಾಗರೂಕತೆಯೆಂದೇ ಹೇಳಬೇಕು. ಇಂತಹ ಖಾತೆಗೆ ಶುಲ್ಕ ಬಿದ್ದರೆ ಬ್ಯಾಂಕನ್ನು ದೂರಿ ಪ್ರಯೋಜನವಿಲ್ಲ.

ಸಿಂಧನೂರಿನದು ಬೇರೆ ರೀತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತದ ಕಣಜವೆನಿಸಿದ ತಾಲ್ಲೂಕಿದು. ಆದರೆ ಬತ್ತದ ಹಣ ತಿಂಗಳಿಗೊಮ್ಮೆ ಬರುವುದಿಲ್ಲ. ಕಾಲುವೆಗೆ ನೀರು ಬಿಟ್ಟ ದಿನದ ಮೇಲೆ ನಾಟಿ, ನಾಟಿಯ ಮೇಲೆ ಕೊಯ್ಲು, ಕೊಯ್ಲಿನ ಮೇಲೆ ಮಾರಾಟ, ಮಾರಾಟವಾದ ಮೇಲೂ ಖರೀದಿದಾರನ ಕೈಯಿಂದ ಹಣ ಬರುವ ದಿನ, ಹೀಗೆ ಒಂದರ ಮೇಲೊಂದು ನಿಂತಿವೆ. ಇವುಗಳಲ್ಲಿ ಒಂದು ತಪ್ಪಿದರೂ ಎಲ್ಲವೂ ಜಾರುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎಡದಂಡೆಯ ರೈತರು ಕಳೆದ ಆತಂಕದ ದಿನಗಳನ್ನು ಯಾರೂ ಮರೆತಿಲ್ಲ. ಆ ಗೇಟು ಮುರಿದುದು ಯಾವ ರೈತನ ಅಜಾಗರೂಕತೆಯಿಂದಲೂ ಅಲ್ಲ. ಆದರೆ ಸಾಲದ ಗಡುವು ಗೇಟನ್ನು ನೋಡಿ ನಿಲ್ಲುವುದಿಲ್ಲ.

ಮಸ್ಕಿಯ ಸುತ್ತಲಿನ ಎಷ್ಟೋ ಹಳ್ಳಿಗಳದು ಇನ್ನೂ ಕಷ್ಟದ ಬದುಕು. ಮಳೆಯನ್ನೇ ನಂಬಿದ ಒಣಬೇಸಾಯ, ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಡೆಗೆ ಗುಳೆ. ಗುಳೆ ಹೋದ ಕುಟುಂಬದ ಪಾಸ್‌ಬುಕ್ಕು ಊರಿನ ಪೆಟ್ಟಿಗೆಯಲ್ಲಿ ಇರುತ್ತದೆ. ಬ್ಯಾಂಕಿನ ಸೂಚನೆ ಯಾವುದೋ ಹಳೆಯ ಮೊಬೈಲ್ ಸಂಖ್ಯೆಗೆ ಹೋಗಿರುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗಲೇ ಖಾತೆಯ ಸ್ಥಿತಿ ತಿಳಿಯುವುದು.

ಈ ಮೂರು ಕುಟುಂಬಗಳಿಗೂ ಒಂದೇ ದಿನ, ಒಂದೇ ಮೊತ್ತದ ದಂಡ ಬಿದ್ದರೆ ನಿಯಮ ಸಮಾನವಾಗಿದೆ ಎನ್ನಬಹುದು, ನ್ಯಾಯ ಸಮಾನವಾಗಿದೆ ಎನ್ನಲಾಗದು. ಮೊದಲನೆಯದು ಮರೆವಿಗೆ ಬಿದ್ದ ದಂಡ, ಕೊನೆಯದು ಬಡತನಕ್ಕೆ ಬಿದ್ದ ದಂಡ. ಮರೆವನ್ನು ದಂಡದಿಂದ ತಿದ್ದಬಹುದು. ಬಡತನಕ್ಕೆ ದಂಡ ಹಾಕಿದರೆ ಅದು ಹೆಚ್ಚುತ್ತದೆಯೇ ಹೊರತು ತಿದ್ದಿಕೊಳ್ಳುವುದಿಲ್ಲ.

ನಮ್ಮ ನ್ಯಾಯಾಲಯಗಳೂ ನಿಯಮಗಳೂ ಈ ಅಂತರವನ್ನು ಅರಿಯದೆ ಇಲ್ಲ. 1994ರಲ್ಲಿ ಕರ್ನಾಟಕದಿಂದ ಹೋದ ಕಾರ್ಪೊರೇಷನ್ ಬ್ಯಾಂಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಬೆಳೆ ಮಾರಿದ ಹೊರತು ರೈತನಿಗೆ ನಿಯತವಾದ ಆದಾಯವಿಲ್ಲ, ಆದ್ದರಿಂದ ಕೃಷಿ ಸಾಲದ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವುದು ಸಲ್ಲದು ಎಂಬ ವಿಚಾರವನ್ನು ಎತ್ತಿಹಿಡಿಯಿತು. ದಂಡಬಡ್ಡಿಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವುದು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ 2001ರಲ್ಲಿ ಹೇಳಿತು. ಇತರ ಸಾಲಗಳು 90 ದಿನ ಬಾಕಿಯಾದರೆ ಸುಸ್ತಿಯೆನಿಸುವಾಗ, ಅಲ್ಪಾವಧಿ ಬೆಳೆಯ ಸಾಲಕ್ಕೆ ರಿಸರ್ವ್ ಬ್ಯಾಂಕು ಎರಡು ಬೆಳೆಯ ಹಂಗಾಮುಗಳ ಕಾಲವನ್ನು ಲೆಕ್ಕಕ್ಕಿಟ್ಟಿದೆ. ಭೂಮಿಯ ಕಾಲವೇ ಬೇರೆ, ಕ್ಯಾಲೆಂಡರಿನ ಕಾಲವೇ ಬೇರೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಬ್ಯಾಂಕಿನ ಕಡೆಯ ಮಾತು

ಇಷ್ಟು ಹೇಳಿದ ಮೇಲೆ ಬ್ಯಾಂಕಿನ ಪಕ್ಷವನ್ನೂ ಕೇಳುವುದು ಧರ್ಮ. ಬ್ಯಾಂಕಿನ ಪೆಟ್ಟಿಗೆಯಲ್ಲಿರುವುದು ಬ್ಯಾಂಕಿನ ಹಣವಲ್ಲ, ಅದು ಠೇವಣಿದಾರರ ಹಣ. ನಿವೃತ್ತ ಶಿಕ್ಷಕರೊಬ್ಬರು ಇಟ್ಟ ಮುಪ್ಪಿನ ಕಾಲದ ಗಂಟು, ಮಗಳ ಮದುವೆಗೆಂದು ತಾಯಿ ಕೂಡಿಟ್ಟ ಹಣ ಅಲ್ಲಿದೆ. ಸಾಲ ತಂದವನು ಕಟ್ಟದಿದ್ದರೆ ತೊಂದರೆ ಮುಟ್ಟುವುದು ಕೊನೆಗೆ ಇವರಿಗೇ. ಖಾತೆಯೊಂದನ್ನು ನಡೆಸುವುದಕ್ಕೂ ಖರ್ಚಿದೆ. ಗಡುವು ಮೀರಿದವನಿಗೂ ಮೀರದವನಿಗೂ ಒಂದೇ ರೀತಿ ನಡೆದುಕೊಂಡರೆ, ಹೊಟ್ಟೆಬಟ್ಟೆ ಕಟ್ಟಿ ಸಕಾಲಕ್ಕೆ ಸಾಲ ತೀರಿಸಿದವನ ಪ್ರಾಮಾಣಿಕತೆಗೆ ಬೆಲೆ ಎಲ್ಲಿ?

ಚೆಕ್ಕಿನ ವಿಷಯದಲ್ಲಂತೂ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಚೆಕ್ಕಿಗೆ ಸಹಿ ಹಾಕುವುದೆಂದರೆ ಮಾತು ಕೊಟ್ಟಂತೆ. ಆ ಚೆಕ್ಕನ್ನು ನಂಬಿ ಗೊಬ್ಬರದ ಅಂಗಡಿಯವನು ತನ್ನ ಸಗಟು ವ್ಯಾಪಾರಿಗೆ ಮಾತು ಕೊಟ್ಟಿರುತ್ತಾನೆ. ಒಂದು ಚೆಕ್ಕು ಹಿಂದಿರುಗಿದರೆ ನಾಲ್ಕು ಮನೆಗಳ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 138ನೇ ಕಲಮು ಸೇರಿ 1989ರ ಏಪ್ರಿಲಿನಿಂದ ಜಾರಿಗೆ ಬಂತು. ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ, ಚೆಕ್ಕು ಪಡೆದವನು 30 ದಿನಗಳೊಳಗೆ ನೋಟಿಸು ಕೊಡಬಹುದು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕಟ್ಟದಿದ್ದರೆ ಮೊಕದ್ದಮೆ ಹೂಡಬಹುದು. ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ಜುಲ್ಮಾನೆ, ಇಲ್ಲವೇ ಎರಡನ್ನೂ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಖಾತೆಯಿಂದ ತಾನಾಗಿಯೇ ಕಡಿತವಾಗುವ ಕಂತು ತಪ್ಪಿದರೂ 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ 25ನೇ ಕಲಮಿನಡಿ ಇಂತಹುದೇ ಕ್ರಮವುಂಟೆಂಬುದು ಅನೇಕರಿಗೆ ಗೊತ್ತಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಂದಿಗೂ ಹಳತಾಗಿಲ್ಲ. ಕಲ್ಯಾಣದಲ್ಲಿ ರಾಜಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರನ್ನು ನೆನೆಯುವ ಸಮಾಜಕ್ಕೆ ಲೆಕ್ಕದ ಶುದ್ಧಿಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅದ್ದೂರಿ ಮದುವೆಗೆ ಬೆಳೆಸಾಲದ ಹಣ ಬಳಸಿ, ಗಡುವು ಬಂದಾಗ ದಂಡವನ್ನು ಅನ್ಯಾಯವೆಂದು ಕರೆಯುವುದು ನ್ಯಾಯವಲ್ಲ.

ದಂಡವು ಆದಾಯವಾದಾಗ

ಹಾಗಾದರೆ ಬ್ಯಾಂಕುಗಳು ಎಲ್ಲಿ ತಪ್ಪಿದವು? ದಂಡವು ಶಿಸ್ತಿನ ಸಾಧನವಾಗಿರುವುದನ್ನು ಬಿಟ್ಟು ಆದಾಯದ ಮೂಲವಾದಲ್ಲಿ ತಪ್ಪಿದವು.

ನಿಜಾಮರ ಕಾಲದಲ್ಲಿ, 1941ರಲ್ಲಿ, ಹುಟ್ಟಿ ನಮ್ಮ ಭಾಗದ ಜನರಿಗೆ ಬಹುಕಾಲ ಪರಿಚಿತವಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಅದೇ ದಿನದಿಂದ ಸ್ಟೇಟ್ ಬ್ಯಾಂಕು ಕೆಲವು ವರ್ಷಗಳ ಹಿಂದೆ ಕೈಬಿಟ್ಟಿದ್ದ ಕನಿಷ್ಠ ಶಿಲ್ಕಿನ ದಂಡವನ್ನು ಮತ್ತೆ ಜಾರಿಗೆ ತಂದಿತು. ಆ ಏಪ್ರಿಲಿನಿಂದ ನವೆಂಬರಿನವರೆಗೆ, ಎಂಟೇ ತಿಂಗಳುಗಳಲ್ಲಿ, ಹೀಗೆ ಸಂಗ್ರಹವಾದ ಹಣ ಸುಮಾರು 1,771 ಕೋಟಿ ರೂಪಾಯಿ. ಅದೇ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಆ ಬ್ಯಾಂಕು ಗಳಿಸಿದ ನಿವ್ವಳ ಲಾಭಕ್ಕಿಂತ ಇದು ಹೆಚ್ಚು. ಜನರ ಆಕ್ಷೇಪ ಎದ್ದ ಮೇಲೆ 2018ರಲ್ಲಿ ದಂಡ ಇಳಿಯಿತು, 2020ರ ಮಾರ್ಚಿನಲ್ಲಿ ಪೂರ್ತಿಯಾಗಿ ರದ್ದಾಯಿತು. ಆದರೂ 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಈ ಒಂದು ಬಾಬಿನಲ್ಲಿ ಸುಮಾರು 8,495 ಕೋಟಿ ರೂಪಾಯಿ ವಸೂಲು ಮಾಡಿದವೆಂದು 2024ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. 2025ರ ಜೂನಿನಲ್ಲಿ ಕೆನರಾ ಬ್ಯಾಂಕು, ಜುಲೈನಲ್ಲಿ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಉಳಿತಾಯ ಖಾತೆಯ ಈ ದಂಡವನ್ನು ಕೈಬಿಟ್ಟವು. ದಂಡವಿಲ್ಲದೆಯೂ ಬ್ಯಾಂಕು ನಡೆಯಬಲ್ಲದೆಂದು ಬ್ಯಾಂಕುಗಳೇ ತೋರಿಸಿಕೊಟ್ಟಂತಾಯಿತು.

ಬಡವರಿಗಾಗಿಯೇ ಇರುವ ಶೂನ್ಯ ಶಿಲ್ಕಿನ ಖಾತೆಯೂ ಇದರಿಂದ ಪಾರಾಗಿರಲಿಲ್ಲ. ಅಂತಹ ಖಾತೆಗಳಲ್ಲಿ ತಿಂಗಳಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಹಣ ತೆಗೆದರೆ ಅಥವಾ ಪಾವತಿ ಮಾಡಿದರೆ ಪ್ರತಿ ಸಲಕ್ಕೂ 17 ರೂಪಾಯಿ 70 ಪೈಸೆ ಕಡಿತವಾಗುತ್ತಿದ್ದುದನ್ನು ಮುಂಬಯಿ ಐ.ಐ.ಟಿ.ಯ ಅಧ್ಯಯನವೊಂದು 2021ರಲ್ಲಿ ಬೆಳಕಿಗೆ ತಂದಿತು.

ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೆಲವರು ಕೇಳಬಹುದು. 1976ರಲ್ಲಿ ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ತುಂಗಭದ್ರಾ ಗ್ರಾಮೀಣ ಬ್ಯಾಂಕು ಸ್ಥಾಪನೆಯಾದುದು ಏತಕ್ಕೆ? ಹಳ್ಳಿಯ ರೈತನನ್ನು ಲೇವಾದೇವಿಯವರ ಹಿಡಿತದಿಂದ ಬಿಡಿಸುವುದಕ್ಕೆ. ಖಾತೆಗೆ ಬಂದ ಎರಡು ಸಾವಿರದಲ್ಲಿ ಹಳೆಯ ದಂಡಗಳು ಮೊದಲು ಕಡಿತವಾಗುವುದನ್ನು ಎರಡು ಸಲ ಕಂಡ ಹೆಣ್ಣುಮಗಳು ಮೂರನೆಯ ಸಲ ಬ್ಯಾಂಕಿನಲ್ಲಿ ಹಣ ಇಡುವುದಿಲ್ಲ. ಕಷ್ಟ ಬಂದಾಗ ಬ್ಯಾಂಕಿನ ಮೆಟ್ಟಿಲನ್ನೂ ಹತ್ತುವುದಿಲ್ಲ. ಆಕೆ ಹೋಗುವುದು ವಾರದ ಕಂತಿನ ಸಾಲಕ್ಕೆ, ಇಲ್ಲವೇ ಮೀಟರ್ ಬಡ್ಡಿಗೆ. ಅಂತಹ ಸಾಲದ ವಸೂಲಿಯ ಕಿರುಕುಳ ಎಷ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ನೂರು ರೂಪಾಯಿಯ ದಂಡದಲ್ಲಿ ಹೋಗುವುದು ನೂರು ರೂಪಾಯಿ ಮಾತ್ರವಲ್ಲ, ಅದರ ಜೊತೆಗೆ ನಂಬಿಕೆಯೂ ಹೋಗುತ್ತದೆ.

ತಿಳಿಸಿ ಹೇಳುವ ಧರ್ಮ

ದಂಡ ನ್ಯಾಯವಾಗಬೇಕಾದರೆ ಮೂರು ಗುಣಗಳು ಇರಬೇಕೆಂದು ನಮಗೆ ತೋರುತ್ತದೆ. ಅದನ್ನು ಮುಂಚಿತವಾಗಿ, ತಿಳಿಯುವ ಮಾತಿನಲ್ಲಿ ಹೇಳಿರಬೇಕು. ಆದ ಕೊರತೆಗೆ ತಕ್ಕಷ್ಟೇ ಇರಬೇಕು. ಎಚ್ಚರ ವಹಿಸಿದರೆ ತಪ್ಪಿಸಿಕೊಳ್ಳಬಹುದಾದದ್ದಾಗಿರಬೇಕು. ಈ ಮೂರೂ ಇದ್ದಲ್ಲಿ ಹೊಣೆ ಖಾತೆದಾರನದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಹೊಣೆಯಲ್ಲಿ ಬ್ಯಾಂಕಿನ ಪಾಲು ಇದ್ದೇ ಇದೆ.

ಇದು ನಮ್ಮ ಕಲ್ಪನೆಯ ಆದರ್ಶವೇನಲ್ಲ. ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ ಹೊರಡಿಸಿ 2015ರ ಏಪ್ರಿಲಿನಿಂದ ಜಾರಿಗೆ ತಂದ ಸುತ್ತೋಲೆಯನ್ನು ನೋಡಿರಿ. ಶಿಲ್ಕು ಕನಿಷ್ಠ ಮಟ್ಟಕ್ಕಿಂತ ಇಳಿದರೆ ಬ್ಯಾಂಕು ಮೊದಲು ಖಾತೆದಾರನಿಗೆ ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು, ದಂಡವು ಕೊರತೆಯ ಮೊತ್ತಕ್ಕೆ ಅನುಗುಣವಾಗಿರಬೇಕು, ದಂಡದ ಕಾರಣದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂದು ಅದು ವಿಧಿಸಿತು. 2023ರ ಆಗಸ್ಟಿನ ಇನ್ನೊಂದು ಸುತ್ತೋಲೆಯಲ್ಲಿ ಸಾಲದ ಮೇಲಿನ ದಂಡದ ಉದ್ದೇಶ ಶಿಸ್ತು ಕಲಿಸುವುದೇ ಹೊರತು ಆದಾಯ ಹೆಚ್ಚಿಸಿಕೊಳ್ಳುವುದಲ್ಲವೆಂದು ಸ್ಪಷ್ಟಪಡಿಸಿ, ದಂಡವನ್ನು ಬಡ್ಡಿದರದಲ್ಲಿ ಸೇರಿಸದಂತೆ, ದಂಡದ ಮೇಲೆ ಬಡ್ಡಿ ಹಾಕದಂತೆ ತಡೆಯಿತು. ಇದು 2024ರ ಏಪ್ರಿಲಿನಿಂದ ಹೊಸ ಸಾಲಗಳಿಗೂ ಜೂನಿನ ಒಳಗೆ ಹಳೆಯ ಸಾಲಗಳಿಗೂ ಅನ್ವಯವಾಯಿತು. ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವೆನಿಸಿದ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ, ಅದನ್ನು ಮತ್ತೆ ಚಾಲನೆಗೆ ತರಲು ಶುಲ್ಕ ಕೇಳುವಂತಿಲ್ಲ ಎಂಬ ನಿಯಮವೂ 2024ರಲ್ಲಿ ಬಂತು. ಗುಳೆ ಹೋದವರಿಗೆ ಇದು ಉಪಕಾರದ ನಿಯಮ.

ನಿಯಮ ಒಳ್ಳೆಯದೇ. ಆದರೆ ಅದು ಯಾರಿಗೆ ತಿಳಿದಿದೆ? ಖಾತೆ ತೆರೆಯುವಾಗ ಇಂಗ್ಲಿಷಿನಲ್ಲಿ ಅಚ್ಚಾದ ಹಲವು ಪುಟಗಳ ಕೆಳಗೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿಸಿಕೊಂಡು, 'ತಿಳಿಸಲಾಗಿದೆ' ಎಂದು ಬರೆದುಕೊಳ್ಳುವುದು ತಿಳಿಸಿದಂತೆ ಆಗುವುದಿಲ್ಲ. ಈ ಮಾತಿಗೆ ಸಾಕ್ಷಿಯನ್ನು ಹುಡುಕಲು ನಾವು ದೂರ ಹೋಗಬೇಕಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕನ ಹೆಸರು ಇದ್ದುದರಿಂದಲೇ 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸ ಅವನೇ ಎಂಬುದು ಖಚಿತವಾಯಿತು. ಅದು ಅಂದಿನ ಜನಭಾಷೆಯಾದ ಪ್ರಾಕೃತದಲ್ಲಿದೆ. ಸಣ್ಣವರಿಗೂ ದೊಡ್ಡವರಿಗೂ ಈ ವಿಷಯವನ್ನು ಹೇಳಬೇಕೆಂಬ ಆಶಯ ಅದರಲ್ಲಿಯೇ ಇದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ತನ್ನ ಮಾತನ್ನು ಕಿರಿಯರಿಗೂ ಮುಟ್ಟಿಸಲು ಬಂಡೆಗೆ ಕೆತ್ತಿಸಿದನು. ಅದೇ ಊರಿನಲ್ಲಿ ಇಂದು ಒಂದು ಶಾಖೆ ತನ್ನ ಶುಲ್ಕಗಳ ಪಟ್ಟಿಯನ್ನು ಕನ್ನಡದ ದೊಡ್ಡಕ್ಷರಗಳಲ್ಲಿ ಬಾಗಿಲ ಬಳಿ ತೂಗುಹಾಕುವುದು ಅಷ್ಟೊಂದು ಕಷ್ಟವೇ?

ಮನೆಯಲ್ಲಿ ನಾವು ಮಾಡಬೇಕಾದುದು

ಬ್ಯಾಂಕು ತನ್ನ ಪಾಲನ್ನು ಮಾಡುವವರೆಗೆ ಮನೆಯವರು ಕೈಕಟ್ಟಿ ಕೂರಬೇಕೆಂದಿಲ್ಲ. ಮೊದಲನೆಯದಾಗಿ, ಮನೆಯಲ್ಲಿರುವ ಖಾತೆಗಳೆಷ್ಟು ಎಂದು ಒಮ್ಮೆ ಎಣಿಸಿ ನೋಡಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಖಾತೆ ತೆರೆದು ಮರೆತಿರುವುದು ಸಾಮಾನ್ಯ. ಬೇಡವಾದುದನ್ನು ಮುಚ್ಚಿಸಬೇಕು. ಕನಿಷ್ಠ ಶಿಲ್ಕು ಇಡಲಾಗದವರು 2012ರಿಂದ ಎಲ್ಲ ಬ್ಯಾಂಕುಗಳಲ್ಲಿಯೂ ಇರುವ ಮೂಲ ಉಳಿತಾಯ ಖಾತೆಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಬಹುದು. ಅದರಲ್ಲಿ ಕನಿಷ್ಠ ಶಿಲ್ಕಿನ ಕಟ್ಟಳೆಯೇ ಇಲ್ಲ. ಮೊಬೈಲ್ ಸಂಖ್ಯೆ ಬದಲಾದೊಡನೆ ಬ್ಯಾಂಕಿಗೆ ತಿಳಿಸಬೇಕು, ಗುಳೆ ಹೋಗುವವರು ಇದನ್ನು ಮರೆಯಲೇಬಾರದು.

ಎರಡನೆಯದಾಗಿ, ಕಂತಿನ ದಿನ ಆದಾಯದ ದಿನದ ನಂತರ ಬರುವಂತೆ ನೋಡಿಕೊಳ್ಳಬೇಕು. ಟ್ರ್ಯಾಕ್ಟರಿನ ಸಾಲವಾಗಲಿ ಮೋಟರ್ ಸೈಕಲ್ಲಿನ ಸಾಲವಾಗಲಿ, ಕಾಗದಕ್ಕೆ ಸಹಿ ಹಾಕುವ ಮೊದಲೇ ಈ ಮಾತನ್ನು ಕೇಳಬೇಕು. ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರ ಕೈಗೂ, ಎಷ್ಟೇ ಪರಿಚಿತರಾಗಿರಲಿ, ಕೊಡಬಾರದು. ಉದ್ರಿಯ ಗೊಬ್ಬರಕ್ಕೆ ಭದ್ರತೆಯೆಂದು ಕೊಟ್ಟ ಅಂತಹ ಚೆಕ್ಕೇ ನಾಳೆ ನ್ಯಾಯಾಲಯದ ಕಾಗದವಾಗಿ ಮನೆಗೆ ಬರಬಹುದು.

ಮೂರನೆಯದಾಗಿ, ಬೆಳೆಸಾಲದ ಗಡುವನ್ನು ಹಬ್ಬದ ತಿಥಿಯಂತೆ ಗೋಡೆಯ ಮೇಲೆ ಬರೆದಿಡಬೇಕು. ಬ್ಯಾಂಕಿನ ಕಿಸಾನ್ ಕಾರ್ಡಿನಡಿ 3 ಲಕ್ಷ ರೂಪಾಯಿಯವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇಕಡ 7. ಸಕಾಲಕ್ಕೆ ಕಟ್ಟಿದವರಿಗೆ ರಿಯಾಯಿತಿ ಕಳೆದು ಶೇಕಡ 4. ವರ್ಷಪೂರ್ತಿ 3 ಲಕ್ಷದ ಸಾಲವಿದ್ದವನು ಗಡುವು ತಪ್ಪಿಸಿದರೆ ಕಳೆದುಕೊಳ್ಳುವುದು 9,000 ರೂಪಾಯಿ. ಸಹಕಾರ ಸಂಘದ ಶೂನ್ಯ ಬಡ್ಡಿಯ ಸಾಲಕ್ಕೂ ಇದೇ ಷರತ್ತು. ಗಡುವಿನ ದಿನ ಕೈಗಡ ತಂದು ಕಟ್ಟಿ, ವಾರದ ನಂತರ ಅದನ್ನೇ ಮತ್ತೆ ಸಾಲವಾಗಿ ಎತ್ತಿ, ಮಧ್ಯೆ ಖಾಸಗಿಯವರಿಗೆ ದೊಡ್ಡ ಬಡ್ಡಿ ತೆರುವ ಪದ್ಧತಿಯಿಂದ ಸಾಲ ತೀರುವುದಿಲ್ಲ, ಹಳೆಯದಾಗುತ್ತದೆ ಅಷ್ಟೆ. ಪ್ರಕೃತಿ ವಿಕೋಪದಿಂದ ಬೆಳೆಯ ಮೂರನೆಯ ಒಂದು ಭಾಗ ಅಥವಾ ಹೆಚ್ಚು ಹಾನಿಯಾಗಿ ಸರ್ಕಾರ ಘೋಷಣೆ ಮಾಡಿದರೆ, ಬೆಳೆಸಾಲವನ್ನು ದೀರ್ಘಾವಧಿಯ ಕಂತುಗಳಿಗೆ ಮಾರ್ಪಡಿಸಲು ಕೇಳುವ ಅವಕಾಶವುಂಟು. 2024ರಲ್ಲಿ ಬರ ಪರಿಹಾರದ ಹಣವನ್ನು ಸಾಲದ ಬಾಕಿಗೆ ಜಮೆ ಮಾಡಿಕೊಳ್ಳಬಾರದೆಂದು ರಾಜ್ಯದಲ್ಲಿ ಬ್ಯಾಂಕುಗಳಿಗೆ ಸೂಚನೆಯೂ ಹೋಗಿತ್ತು. ಕೇಳಿದವರಿಗೆ ಇವು ತಿಳಿಯುತ್ತವೆ, ಸಂಕೋಚದಿಂದ ಸುಮ್ಮನಿದ್ದವರಿಗೆ ತಿಳಿಯುವುದಿಲ್ಲ.

ನಾಲ್ಕನೆಯದು ಬಹುಮುಖ್ಯವಾದುದು. ಮೇ ತಿಂಗಳ ಕೊನೆಯ ವಾರ ಖಾತೆಯಲ್ಲಿ ಐನೂರು ರೂಪಾಯಿಯಾದರೂ ಇರಲಿ. ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿ ಕಡಿತವಾಗುವ ಸಮಯವದು. ಆ ದಿನ ಹಣವಿಲ್ಲದಿದ್ದರೆ ಯಾರೂ ದಂಡ ಹಾಕುವುದಿಲ್ಲವೆಂದು ನಿಶ್ಚಿಂತೆಯಾಗಿ ಇರಬಾರದು. ವಿಮೆಯೇ ನಿಂತುಹೋಗುತ್ತದೆ. ಮನೆಯ ಯಜಮಾನನಿಗೆ ಏನಾದರೂ ಆದಾಗ ಬರಬೇಕಾದ 2 ಲಕ್ಷ ರೂಪಾಯಿ ಬರುವುದಿಲ್ಲ. ಬರಿದಾದ ಖಾತೆಗೆ ತೆರಬೇಕಾದ ಅತ್ಯಂತ ದೊಡ್ಡ ಬೆಲೆ ಇದೇ, ಆದರೆ ಇದು ಯಾವ ಶುಲ್ಕದ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ಇಷ್ಟು ಎಚ್ಚರವಹಿಸಿದ ಮೇಲೂ ಅನ್ಯಾಯದ ಕಡಿತ ಕಂಡರೆ ಸುಮ್ಮನಿರಬಾರದು. ಗೊಣಗಿಕೊಂಡು ಹಿಂದಿರುಗುವುದರಿಂದ ಏನೂ ಆಗದು. ಶಾಖೆಗೆ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು. 1995ರಿಂದ ಇರುವ ಈ ವ್ಯವಸ್ಥೆಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಓದು ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ಅಕ್ಷರ ಬಾರದ ನೆರೆಮನೆಯ ಅಜ್ಜಿಗೂ ಅದೇ ಅರ್ಧ ಗಂಟೆಯನ್ನು ಕೊಟ್ಟರೆ ಅದೊಂದು ದಾಸೋಹವೇ ಸರಿ.

ಹೊಣೆಯೆಂಬುದು ಒಂದೇ ಕಡೆಯಿಂದ ಹೊರುವ ಭಾರವಲ್ಲ. ಪಡೆದ ಸಾಲವನ್ನು ಸಕಾಲಕ್ಕೆ ಹಿಂದಿರುಗಿಸುವುದು, ಕೊಟ್ಟ ಚೆಕ್ಕಿನ ಮಾತು ಉಳಿಸಿಕೊಳ್ಳುವುದು ಖಾತೆದಾರನ ಹೊಣೆ. ಕಟ್ಟಳೆಯನ್ನು ತಿಳಿಸಿ ಹೇಳುವುದು, ತಪ್ಪಿಗೆ ತಕ್ಕಷ್ಟೇ ದಂಡ ಹಾಕುವುದು, ಬಡತನವನ್ನೇ ತಪ್ಪೆಂದು ಎಣಿಸದಿರುವುದು ಬ್ಯಾಂಕಿನ ಹೊಣೆ. ತನ್ನ ಲೆಕ್ಕವನ್ನು ಚೊಕ್ಕಟವಾಗಿ ಇಟ್ಟುಕೊಂಡವನಿಗೆ ಬ್ಯಾಂಕಿನ ಲೆಕ್ಕವನ್ನು ಕೇಳುವ ಬಾಯಿ ತಾನಾಗಿ ಬರುತ್ತದೆ. ಈ ತಿಂಗಳು ಒಮ್ಮೆ ಬಿಡುವು ಮಾಡಿಕೊಂಡು ಮನೆಯವರೆಲ್ಲ ಕುಳಿತು ಪಾಸ್‌ಬುಕ್ಕುಗಳನ್ನು ತೆರೆದು ನೋಡಿರಿ, ಕಡಿತವಾದ ಪ್ರತಿಯೊಂದು ಸಾಲಿಗೂ ಕಾರಣ ಕೇಳಿರಿ ಎಂಬುದು ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ.